ವಿಶ್ವವಿದ್ಯಾಲಯಗಳ ಹೊಣೆ ಸರ್ಕಾರದ್ದೇ: ಸಂಬಳ, ಪಿಂಚಣಿ ಖಜಾನೆಯಿಂದಲೇ ಬರಲಿ



1916ರವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ನಮ್ಮದೇ ವಿಶ್ವವಿದ್ಯಾಲಯ ಕಟ್ಟಿದರು. ಖರ್ಚನ್ನು ಸಂಸ್ಥಾನವೇ ಹೊತ್ತಿತು. ಆಮೇಲೆ ಧಾರವಾಡ, 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಕಲಬುರಗಿ, 1987ರಲ್ಲಿ ಶಂಕರಘಟ್ಟ. ಇವೆಲ್ಲ ಬೆಳೆದದ್ದು ಜನರ ತೆರಿಗೆ ಹಣದಲ್ಲಿ. ರೈತರ, ಕೂಲಿಕಾರರ, ಬೀಡಿ ಕಟ್ಟುವವರ ಮಕ್ಕಳು ಮನೆತನದಲ್ಲೇ ಮೊದಲ ಪದವೀಧರರಾದದ್ದು ಇಲ್ಲಿಯೇ.

ಇಂದು ಇವೇ ವಿಶ್ವವಿದ್ಯಾಲಯಗಳು ನಿವೃತ್ತರಿಗೆ ಪಿಂಚಣಿ ಕೊಡಲು ಪರದಾಡುತ್ತಿವೆ. ಮಂಜೂರಾದ ಬೋಧಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಪಾಠ ನಡೆಯುತ್ತಿರುವುದು ಸೇವಾ ಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರ ಬಲದಿಂದ.

ಈ ಸ್ಥಿತಿ ತಾನಾಗಿ ಬಂದದ್ದಲ್ಲ. ಸಂಯೋಜಿತ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ಮುಖ್ಯ ಮೂಲ. ಹೊಸ ವಿಶ್ವವಿದ್ಯಾಲಯ ಘೋಷಿಸಿದಾಗಲೆಲ್ಲ ಆ ಕಾಲೇಜುಗಳು ಕೈತಪ್ಪಿದವು. ಧಾರವಾಡದಿಂದ 2010ರಲ್ಲಿ ಬೆಳಗಾವಿ ಭಾಗ, ಮುಂದೆ ಹಾವೇರಿ ಹೋಯಿತು. ಮೈಸೂರಿನಿಂದ ಮಂಡ್ಯ, ಹಾಸನ, ಚಾಮರಾಜನಗರ ಹೋದವು. ಮಂಗಳೂರಿನಿಂದ ಕೊಡಗು ಹೋಯಿತು. ಬೆಂಗಳೂರು ಮೂರು ಹೋಳಾಯಿತು. ನಿವೃತ್ತರ ಪಿಂಚಣಿ ಮಾತ್ರ ಹಳೆಯ ವಿಶ್ವವಿದ್ಯಾಲಯಗಳ ತಲೆಯ ಮೇಲೇ ಉಳಿಯಿತು. ಮನೆ ಪಾಲಾದಾಗ ಹೊಲವನ್ನು ಕಿರಿಯರಿಗೆ ಬರೆದು, ಸಾಲವನ್ನು ಹಿರಿಯರಿಗೆ ಬಿಟ್ಟಂತಾಯಿತು.

ಕಿರಿಯರಾದರೂ ಸುಖವಾಗಿಲ್ಲ. ಸಾಕಷ್ಟು ಅನುದಾನ, ಕಟ್ಟಡ, ಕಾಯಂ ಅಧ್ಯಾಪಕರು ಇಲ್ಲದೆಯೇ ಅವನ್ನು ಆರಂಭಿಸಲಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತೆತ್ತಿತು. ತೆರೆಯುವಾಗಲೂ ಹಣದ ಲೆಕ್ಕ ಹಾಕಲಿಲ್ಲ. ಮುಚ್ಚುವ ಮಾತೆತ್ತುವಾಗ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಲೂ ಇಲ್ಲ.

‘ಆಂತರಿಕ ಸಂಪನ್ಮೂಲ ಹೆಚ್ಚಿಸಿಕೊಳ್ಳಿ’ ಎಂಬುದು ಸರ್ಕಾರದ ಉಪದೇಶ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ ಬಿಟ್ಟರೆ ವಿಶ್ವವಿದ್ಯಾಲಯಕ್ಕೆ ಬೇರೆ ಸಂಪನ್ಮೂಲ ಎಷ್ಟಿದೆ? ಕೊನೆಗೆ ಹಣ ಬರುವುದು ವಿದ್ಯಾರ್ಥಿಯ ತಂದೆತಾಯಿಯ ಜೇಬಿನಿಂದಲೇ. ಶುಲ್ಕ ಏರಿದಾಗ ಓದು ಬಿಡುವವರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮೊದಲಿಗರು. ಕನ್ನಡ, ಇತಿಹಾಸ, ಜಾನಪದದಂಥ ವಿಭಾಗಗಳು ಶುಲ್ಕದ ಮೇಲೆ ಎಂದೂ ಬದುಕಲಾರವು. ನಾಡಿನ ಭಾಷೆ, ಸಂಸ್ಕೃತಿಗಳ ಅಧ್ಯಯನಕ್ಕೆಂದೇ ಸ್ಥಾಪಿಸಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಅನುದಾನಕ್ಕಾಗಿ ಕೈಯೊಡ್ಡಿ ನಿಲ್ಲಬೇಕಾಯಿತು.

ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1968ರ ನೀತಿ ಒಪ್ಪಿತು. 2020ರ ನೀತಿಯೂ ಅದನ್ನೇ ಬರೆಯಿತು. ದೇಶ ಆ ಗುರಿ ಮುಟ್ಟಿಲ್ಲ.

ನಮ್ಮ ಹಕ್ಕೊತ್ತಾಯಗಳು:

1. ವಿಶ್ವವಿದ್ಯಾಲಯಗಳ ಪಿಂಚಣಿಯ ಪೂರ್ತಿ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು.

2. ಮಂಜೂರಾದ ಖಾಲಿ ಹುದ್ದೆಗಳನ್ನು ಕಾಲಮಿತಿಯಲ್ಲಿ ತುಂಬಿ, ಸಂಬಳವನ್ನು ಖಜಾನೆಯಿಂದಲೇ ಕೊಡಬೇಕು.

3. ಐದು ವರ್ಷಗಳ ಅನುದಾನವನ್ನು ಮುಂಚಿತವಾಗಿ ಗೊತ್ತುಪಡಿಸುವ ಕಾನೂನು ಬರಬೇಕು.

4. ಅನುದಾನದ ಖಾತರಿಯಿಲ್ಲದೆ ಹೊಸ ವಿಶ್ವವಿದ್ಯಾಲಯ ತೆರೆಯಬಾರದು. ಹಣವಿಲ್ಲವೆಂಬ ನೆಪದಲ್ಲಿ ಇರುವುದನ್ನು ಮುಚ್ಚಬಾರದು.

5. ಪ್ರತಿ ವಿಶ್ವವಿದ್ಯಾಲಯ ತನ್ನ ವಾರ್ಷಿಕ ಲೆಕ್ಕಪತ್ರವನ್ನು ಕನ್ನಡದಲ್ಲಿ ಜನರ ಮುಂದಿಡಬೇಕು.

ಕೊನೆಯ ಬೇಡಿಕೆ ವಿಶ್ವವಿದ್ಯಾಲಯಗಳಿಗೇ. ಹಣ ಜನರದ್ದು, ಲೆಕ್ಕ ಕೇಳುವ ಹಕ್ಕೂ ಜನರದ್ದೇ.

ಬಜೆಟ್ ಅಧಿವೇಶನಕ್ಕೆ ಮುನ್ನ ನಿಮ್ಮ ಶಾಸಕರನ್ನು ಕಾಣಿರಿ. ಈ ಐದು ಬೇಡಿಕೆಗಳಲ್ಲಿ ಯಾವುದನ್ನು ಸದನದಲ್ಲಿ ಎತ್ತುತ್ತೀರಿ ಎಂದು ನೇರವಾಗಿ ಕೇಳಿರಿ. ಗ್ರಾಮಸಭೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಿರ್ಣಯ ಮಾಡಿ ಮುಖ್ಯಮಂತ್ರಿಗಳಿಗೆ ಕಳುಹಿಸಿರಿ.

ಓದಿರಿ, ಇನ್ನೊಬ್ಬರಿಗೆ ಕೊಡಿರಿ.

— ವಿದ್ಯಾರ್ಥಿಗಳು, ಪಾಲಕರು, ಅಧ್ಯಾಪಕರು ಹಾಗೂ ನಿವೃತ್ತ ನೌಕರರು