ಎರಡನೆಯ ನುಡಿಗೆ ಕಥೆಯೇ ಹೆಬ್ಬಾಗಿಲು

ಮಗುವು ಮಾತೃಭಾಷೆಯನ್ನು ಕಲಿಯುವಾಗ ಯಾರೂ ಅದರ ಕೈಗೆ ವ್ಯಾಕರಣದ ಪುಸ್ತಕವನ್ನು ಕೊಡುವುದಿಲ್ಲ. ತಾಯಿಯ ಜೋಗುಳ, ಅಜ್ಜಿಯ ಕಥೆ, ಓರಗೆಯವರ ಆಟ ಇವುಗಳ ನಡುವೆಯೇ ನುಡಿಯು ಅದಕ್ಕೆ ಒಲಿದು ಬರುತ್ತದೆ. ಅದೇ ಮಗು ಶಾಲೆಯಲ್ಲಿ ಇಂಗ್ಲಿಷನ್ನು ಎದುರಿಸುವಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಅಕ್ಷರ, ಅನಂತರ ಕಂಠಪಾಠ, ಕಟ್ಟಕಡೆಗೆ ಮಾತು. ಹತ್ತು ವರ್ಷ ಓದಿಯೂ ನಾಲ್ಕು ವಾಕ್ಯಗಳನ್ನು ಧೈರ್ಯವಾಗಿ ಆಡಲಾರದ ವಿದ್ಯಾರ್ಥಿಗಳನ್ನು ಕಂಡು ಅವರ ಬುದ್ಧಿಯನ್ನು ಹಳಿಯುವವರು, ಕಲಿಸಿದ ಬಗೆಯನ್ನು ಮೊದಲು ಪರಿಶೀಲಿಸಬೇಕು.

ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 2007-08ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. ಆರು ವರ್ಷದ ಎಳೆಯರಿಗೆ ಪ್ರೌಢರ ಪದ್ಧತಿ ಸಲ್ಲದು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಈ ಸತ್ಯವನ್ನು ಅರಿತಿದ್ದರು. ಅವರ 'ದಿವಾಸ್ವಪ್ನ'ದ ಶಿಕ್ಷಕನು ಗದ್ದಲದ ತರಗತಿಯನ್ನು ಒಲಿಸಿಕೊಳ್ಳುವುದು ಕಥೆಯಿಂದಲೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ 'ನಲಿ-ಕಲಿ'ಯ ಹೆಸರಿನಲ್ಲಿಯೇ ಕಲಿಕೆಗಿಂತ ಮೊದಲು ನಲಿವು ನಿಂತಿದೆ.

ಬಾಯಾರಿದ ಕಾಗೆಯ ಕಥೆಯನ್ನು ಅರಿಯದ ಮಗುವುಂಟೇ? ಕಥೆ ಮೊದಲೇ ಗೊತ್ತಿರುವುದರಿಂದ ಮನಸ್ಸು ಅರ್ಥಕ್ಕಾಗಿ ತಡಕಾಡದೆ ಹೊಸ ನುಡಿಯ ಕಡೆಗೆ ಹರಿಯುತ್ತದೆ. ಒಬ್ಬೊಬ್ಬರೂ ಗಡಿಗೆಯಲ್ಲಿ ಹರಳು ಹಾಕುತ್ತ 'ಒನ್ ಮೋರ್ ಸ್ಟೋನ್' ಎಂದರೆ, ಹತ್ತನೆಯ ಹರಳು ಬೀಳುವ ಹೊತ್ತಿಗೆ ಆ ಮಾತು ತರಗತಿಯ ಸ್ವಂತ ಸೊತ್ತಾಗಿರುತ್ತದೆ. ಹುಣಸೆಬೀಜಗಳನ್ನೇ ನಾಣ್ಯವೆಂದು ಭಾವಿಸಿ ಆಡುವ ಅಂಗಡಿಯಾಟದಲ್ಲಿ ಎಣಿಕೆಯೂ ಪ್ರಶ್ನೋತ್ತರವೂ ತಾವಾಗಿ ಬರುತ್ತವೆ. ಕನ್ನಡದಲ್ಲಿ ವಾಕ್ಯದ ಕೊನೆಗೆ ನಿಲ್ಲುವ ಕ್ರಿಯಾಪದವು ಇಂಗ್ಲಿಷಿನಲ್ಲಿ ಕರ್ಮಪದಕ್ಕಿಂತ ಮುಂಚೆಯೇ ಬರುವುದನ್ನು, ನಿಯಮ ಕೇಳುವ ಮುನ್ನವೇ ಕಿವಿ ಗುರುತಿಸುತ್ತದೆ. ಆದೇಶವನ್ನು ಕೇಳಿ ಮೈಯಿಂದ ನಟಿಸುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ಅದರಲ್ಲಿ ಮಗು ಸಿದ್ಧವಾಗುವವರೆಗೆ ಮಾತಾಡಲೇಬೇಕೆಂಬ ಒತ್ತಾಯವಿಲ್ಲ.

ಆಟವಾಡುತ್ತ ಕುಳಿತರೆ ಪಾಠಗಳು ಮುಗಿಯುವುದೆಂತು, ಅರವತ್ತು ಮಕ್ಕಳ ಗದ್ದಲವನ್ನು ತಾಳುವುದೆಂತು ಎಂಬುದು ಶಿಕ್ಷಕರ ನ್ಯಾಯವಾದ ಅಳಲು. ಆಟವು ಬರವಣಿಗೆಯ ಸ್ಥಾನವನ್ನು ಕಸಿದುಕೊಳ್ಳಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ, ವಾರಕ್ಕೊಂದು ಕಥೆ ಸಾಕು. ಬಾಯಿಗೆ ಬಂದ ಮಾತನ್ನು ಬರೆಯಿಸುವುದು ಸುಲಭ. ಬಾಯಿಗೆ ಬಾರದ್ದನ್ನು ಬರೆಯಿಸುವುದರಲ್ಲಿಯೇ ಕಾಲಹರಣವಾಗುತ್ತದೆ. ತಪ್ಪಾಡಿದ ಮಗುವನ್ನು ನೋಡಿ ತರಗತಿಯು ನಕ್ಕರೆ ಆ ನಾಲಿಗೆಗೆ ವರ್ಷಗಟ್ಟಲೆ ಬೀಗ ಬೀಳುತ್ತದೆ. ಕಾಗೆಯ ವೇಷದಲ್ಲಿ ತಪ್ಪಿದರೆ ತಪ್ಪು ಕಾಗೆಯದಾಗುತ್ತದೆ, ಮಗುವಿನ ಮಾನ ಉಳಿಯುತ್ತದೆ.

ಕೊಠಡಿಗಳನ್ನು ಕಟ್ಟಿಸುವ ದಾನಿಗಳು ಒಂದು ಕಪಾಟಿನಷ್ಟು ಚಿತ್ರಕಥೆಗಳನ್ನೂ ನೀಡಲಿ. ಹಳೆಯ ವಿದ್ಯಾರ್ಥಿಗಳು ಆಗಾಗ ಬಂದು ಒಂದು ಕಥೆ ಹೇಳಿ ಹೋಗಲಿ. ಪರೀಕ್ಷೆಯ ಅಂಕಗಳು ಒಂದು ವರ್ಷದವು. ಹೆದರದೆ ಮಾತಾಡುವ ನಾಲಿಗೆಯು ಬಾಳಿನುದ್ದಕ್ಕೂ ಮಗುವಿನ ಜೊತೆಗಿರುತ್ತದೆ.