ಅಧಿಸೂಚನೆಯೆಂಬ ಉಪದ್ರವ

ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಅನಧ್ಯಾಯವೆಂದರೆ ನಮಗೆ ಪರಮಾನಂದವಾಗುತ್ತಿತ್ತು. ಅಷ್ಟಮಿ, ಚತುರ್ದಶಿ, ಪರ್ವ, ಪಾಡ್ಯಗಳಲ್ಲದೆ, ಗುಡುಗು, ನರಿಯ ಕೂಗು, ಕತ್ತೆಯ ಅರಚಾಟ ಕಿವಿಗೆ ಬಿದ್ದಾಗಲೂ ಪಾಠವನ್ನು ನಿಲ್ಲಿಸತಕ್ಕದ್ದೆಂದು ಧರ್ಮಶಾಸ್ತ್ರಕಾರರು ವಿಧಿಸಿರುವರಷ್ಟೆ. ಇದು ಹುಡುಗರ ಮೇಲಿನ ಕರುಣೆಯಿಂದ ಹುಟ್ಟಿದ ವಿಧಿಯೆಂದು ನಾವು ಆಗ ಭಾವಿಸಿದ್ದೆವು. ಅರುವತ್ತು ದಾಟಿದ ಮೇಲೆ ನನಗೆ ಅದರಲ್ಲಿ ಬೇರೊಂದು ಅರ್ಥವೂ ಹೊಳೆಯುತ್ತಿದೆ. ಅನ್ಯಧ್ವನಿಯು ಮನಸ್ಸನ್ನು ಸೆಳೆಯುತ್ತಿರುವಾಗ ಬಾಯಿ ಓದಬಲ್ಲುದೇ ಹೊರತು ಬುದ್ಧಿ ಓದಲಾರದು. ಈ ಲೆಕ್ಕದಲ್ಲಿ ನೋಡಿದರೆ ಇಂದು ನಮ್ಮ ವಿದ್ಯಾವಂತರ ಮನೆಗಳಲ್ಲಿ ಹಗಲೂ ರಾತ್ರಿಯೂ ಅನಧ್ಯಾಯವೇ ಸರಿ. ಕೂಗುವುದು ನರಿಯಲ್ಲ, ಜೇಬಿನಲ್ಲಿರುವ ಮೊಬೈಲ್ ಫೋನು.

ಈ ಕೂಗಿಗೆ ಯಂತ್ರದ ಕನ್ನಡದಲ್ಲಿ ‘ಅಧಿಸೂಚನೆ’ ಎಂದು ಹೆಸರಿಟ್ಟಿರುವರು. ನಾವು ಬಲ್ಲಂತೆ ಅಧಿಸೂಚನೆಯೆಂದರೆ ಸರಕಾರವು ರಾಜ್ಯಪತ್ರದಲ್ಲಿ ಪ್ರಕಟಿಸುವ ಆಜ್ಞೆ. ‘ಅಧಿ’ ಎಂಬ ಉಪಸರ್ಗಕ್ಕೆ ಅಲ್ಲಿ ಅಧಿಕಾರದ ಬಲವುಂಟು. ಈಗಲಾದರೋ, ಸೀರೆಯ ಬೆಲೆ ಇಳಿದಿದೆಯೆಂಬುದೂ ಅಧಿಸೂಚನೆ. ಯಾರೋ ಒಬ್ಬರು ತಿಂಡಿಯ ಚಿತ್ರವನ್ನು ಹಾಕಿರುವರೆಂಬುದೂ ಅಧಿಸೂಚನೆ. ಹೆಸರು ತಪ್ಪಾಯಿತೆಂದು ನಾನು ದೂರುವುದಿಲ್ಲ. ನಾವು ಅವುಗಳಿಗೆ ತೋರುತ್ತಿರುವ ವಿಧೇಯತೆಯನ್ನು ನೋಡಿದರೆ ಹೆಸರು ಯಥಾರ್ಥವಾಗಿಯೇ ಇದೆ! ಊಟದ ಎಲೆಯ ಮುಂದೆ ಕುಳಿತವನು ತಾಯಿ ಮೂರು ಸಲ ಕರೆದರೂ ತಲೆಯೆತ್ತನು. ಫೋನು ಒಮ್ಮೆ ಕಿಣಿಕಿಣಿಯೆಂದರೆ ಎಡಗೈ ತಾನಾಗಿ ಚಾಚುವುದು.

ಈಚೆಗೆ ಒಂದು ಸಂಜೆ ಕುಮಾರವ್ಯಾಸ ಭಾರತದ ಗಮಕವಾಚನವನ್ನು ಕೇಳಲು ಹೋಗಿದ್ದೆನು. ಒಂದು ಗಂಟೆಯೊಳಗೆ ಎಷ್ಟು ಬಗೆಯ ಗಂಟೆ, ಶಿಳ್ಳೆ, ಗುಬ್ಬಿಯ ಸದ್ದುಗಳು ಆ ವಾಚನದ ನಡುವೆ ತೂರಿಬಂದುವೋ ಲೆಕ್ಕವಿಡಲಾಗಲಿಲ್ಲ. ಮನಸ್ಸು ಅಣುಪರಿಮಾಣವುಳ್ಳದ್ದು, ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು ಎಂದು ನೈಯಾಯಿಕರು ಹೇಳುವರು. ಶಿಳ್ಳೆಯನ್ನು ಕೇಳಿದ ಮನಸ್ಸು ಆ ಕ್ಷಣದಲ್ಲಿ ಪದ್ಯವನ್ನು ಕಳೆದುಕೊಂಡಿತೆಂದೇ ಅರ್ಥ. ಮುಜರಾಯಿ ಇಲಾಖೆಯು 2023ನೆಯ ಜುಲೈ ತಿಂಗಳಲ್ಲಿ ತನ್ನ ಆಡಳಿತಕ್ಕೊಳಪಟ್ಟ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ದೇವರ ಸನ್ನಿಧಿಗೆ ಸಲ್ಲುವ ಈ ಮರ್ಯಾದೆಯನ್ನು ಸರಸ್ವತಿಯ ಸನ್ನಿಧಿಗೆ ಸಲ್ಲಿಸಲು ನಮಗೆ ಸರಕಾರದ ಸುತ್ತೋಲೆ ಬೇಕೆ?

ಇದಕ್ಕೆ ಆಕ್ಷೇಪಿಸುವವರುಂಟು. “ಮನೆಯಲ್ಲಿ ಮುದುಕರಿದ್ದಾರೆ, ಮಕ್ಕಳು ದೂರದ ಊರಿನಲ್ಲಿದ್ದಾರೆ; ಸದ್ದಡಗಿಸಿದರೆ ತುರ್ತಿನ ಸುದ್ದಿ ತಪ್ಪಿಹೋಗದೆ?” ಎಂಬುದು ಅವರ ವಾದ. ಈ ವಾದವು ಕೇಳುವುದಕ್ಕೆ ಸಮಂಜಸವಾಗಿದೆ. ನಾನೂ ಅದನ್ನೇ ಹಿಡಿದುಕೊಂಡಿದ್ದವನು. ಅದು ಹೇಗೆ ತಲೆಕೆಳಗಾಯಿತೆಂಬುದನ್ನು ನಿವೇದಿಸುವೆನು.

ನಮ್ಮ ಕಬ್ಬಾಳು ಬೆಟ್ಟದ ತಪ್ಪಲಿನ ಊರು. ಸುತ್ತಣ ಕಾಡಿನಿಂದ ಆನೆಗಳು ತೋಟಕ್ಕೆ, ರಾಗಿಯ ಹೊಲಕ್ಕೆ ಇಳಿಯುವುದು ಈ ಸೀಮೆಯವರಿಗೆ ಹೊಸತಲ್ಲ. ಇಳಿದ ಸುದ್ದಿಯನ್ನು ಒಬ್ಬರಿಗೊಬ್ಬರು ತಿಳಿಸಲೆಂದು ನಮ್ಮ ಬೀದಿಯವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪನ್ನು ಮಾಡಿಕೊಂಡರು. ಉದ್ದೇಶ ಉತ್ತಮವಾಗಿತ್ತು. ಆದರೆ ತಿಂಗಳೊಳಗೆ ಅದರಲ್ಲಿ ಶುಭೋದಯದ ಹೂಗಳೂ ಹುಟ್ಟುಹಬ್ಬದ ಹಾರೈಕೆಗಳೂ ಮದ್ದಿಲ್ಲದ ರೋಗಗಳಿಗೆ ಮನೆಮದ್ದುಗಳೂ ತುಂಬಿಹೋದುವು. ದಿನಕ್ಕೆ ನಲವತ್ತು ಐವತ್ತು ಸಲ ಫೋನು ಕೂಗತೊಡಗಿತು. ಹಿಂದಿನ ವರ್ಷ ರಾಗಿಯ ಕುಯ್ಲಿನ ಕಾಲದಲ್ಲಿ ಒಂದು ರಾತ್ರಿ ಅದು ಮತ್ತೆ ಕೂಗಿತು. ಯಥಾಪ್ರಕಾರ ಹೂವಿನ ಚಿತ್ರವಿರಬಹುದೆಂದು ಮಗ್ಗುಲು ಬದಲಿಸಿದೆನು. ಬೆಳಗಿನ ಜಾವ ತೋಟದ ಕಡೆಗೆ ನಡೆದರೆ, ಬಾಳೆಯ ಸಾಲು ನೆಲಸಮವಾಗಿತ್ತು. ಅದರಾಚೆ ನಸುಗತ್ತಲೆಯಲ್ಲಿ ಒಂದು ಕರಿಯ ಮೈ ಅಲುಗಿತು. ಹೇಗೆ ಹಿಂದಿರುಗಿ ಓಡಿದೆನೋ ನಾನರಿಯೆ. ಪಕ್ಕದ ಮನೆಯ ರೈತರು, “ಏನ್ ಮೇಷ್ಟ್ರೇ, ಆನೆ ಬಂದೈತೆ ಅಂತ ರಾತ್ರೀನೇ ಹಾಕಿದ್ನಲ್ಲಾ, ನೋಡ್ನಿಲ್ವಾ?” ಎಂದರು. ನೋಡಲಿಲ್ಲ. ಫೋನು ಮೌನವಾಗಿತ್ತೆಂದು ನೋಡದೆ ಹೋದುದಲ್ಲ. ಅದು ಎಂದೂ ಮೌನವಾಗಿರಲಿಲ್ಲವಾದುದರಿಂದಲೇ ನೋಡದೆ ಹೋದೆನು.

ನಮ್ಮ ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಊರಿನಲ್ಲಿ ಡಂಗುರ ಹೊಡೆದರೆ ಒಲೆಯ ಮುಂದಿದ್ದವರೂ ಬಾಗಿಲಿಗೆ ಬರುತ್ತಿದ್ದರು. ಬದನೆಕಾಯಿಯ ಬೆಲೆಯನ್ನು ಸಾರುವುದಕ್ಕೆ ಯಾರೂ ದಿನಕ್ಕೆ ನಲವತ್ತು ಸಲ ತಮಟೆ ಬಡಿಯುತ್ತಿರಲಿಲ್ಲ. ತಂತಿಯ ಸುದ್ದಿಯೂ ಹಾಗೆಯೇ. 2013ನೆಯ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿಸೇವೆ ನಿಂತುಹೋಯಿತು. ಅದಿದ್ದಷ್ಟು ಕಾಲವೂ ತಂತಿ ಬಂದಿತೆಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ಕರೆಯ ಬೆಲೆ ಅದರ ವಿರಳತೆಯಲ್ಲಿದೆ.

ಹಾಗಾದರೆ ಈ ಗದ್ದಲದಿಂದ ಯಾರಿಗೆ ಲಾಭ? ವರ್ತಕನಿಗೆ. ನಾವು ಫೋನನ್ನು ಕೈಗೆತ್ತಿಕೊಂಡಷ್ಟು ಸಲ ಅವನ ಅಂಗಡಿಯ ಮುಂದೆ ಹಾದುಹೋದಂತೆ. ಬೇಡದ ವ್ಯಾಪಾರದ ಕರೆಗಳನ್ನೂ ಕಿರುಸಂದೇಶಗಳನ್ನೂ ತಡೆಯಬೇಕೆಂದು ಬಯಸುವವರಿಗಾಗಿ 1909 ಎಂಬ ಸಂಖ್ಯೆಯ ಏರ್ಪಾಡಿದೆ. ಆದರೆ ನಾವೇ ಆಹ್ವಾನಿಸಿ ಫೋನಿನೊಳಗೆ ಕೂರಿಸಿಕೊಂಡ ಆ್ಯಪ್‌ಗಳ ಕೂಗಿಗೆ ಆ ಏರ್ಪಾಡು ಅನ್ವಯಿಸದು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ, ಹೊಸ ಆ್ಯಪ್ ಕೂಗುವುದಕ್ಕೆ ಮುಂಚೆ ನಮ್ಮ ಅನುಮತಿಯನ್ನು ಬೇಡಬೇಕೆಂಬ ನಿಯಮವಾಗಿದೆ. ಬೇಡಿದವರಿಗೆಲ್ಲ ಓದಿಯೂ ನೋಡದೆ ‘ಅನುಮತಿಸಿ’ ಎಂಬುದನ್ನು ಒತ್ತಿದ ಬೆರಳು ಯಾರದು? ತಪ್ಪು ವರ್ತಕನದೊಂದೇ ಅಲ್ಲ.

ಆನೆಯ ಪ್ರಸಂಗವಾದ ಸಂಜೆ ನನ್ನ ಮೊಮ್ಮಗಳು, “ತಾತ, ಇಲ್ಲಿ ಕೊಡಿ” ಎಂದು ಫೋನನ್ನು ಕೈಗೆ ತೆಗೆದುಕೊಂಡು ಕಾಲುಗಂಟೆಯಲ್ಲಿ ನನಗೆ ಪಾಠ ಹೇಳಿದಳು. ಪರದೆಯ ಮೇಲೆ ಬಂದ ಸೂಚನೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ, ಅದನ್ನು ಕಳುಹಿಸಿದ ಆ್ಯಪ್‌ನ ಬಾಯಿಯನ್ನು ಅಲ್ಲಿಯೇ ಮುಚ್ಚಬಹುದು. ವಾಟ್ಸ್‌ಆ್ಯಪ್ ಗುಂಪನ್ನು ಎಂಟು ಗಂಟೆ, ಒಂದು ವಾರ, ಇಲ್ಲವೆ ಸದಾಕಾಲಕ್ಕೆ ಮೌನವಾಗಿರಿಸಬಹುದು. ಹಾಗೆ ಮಾಡಿದುದು ಉಳಿದವರಿಗೆ ತಿಳಿಯದಾದುದರಿಂದ ಮನಸ್ತಾಪಕ್ಕೂ ಎಡೆಯಿಲ್ಲ. ಇವೆಲ್ಲಕ್ಕೂ ಮಿಗಿಲಾದುದು ‘ಅಡಚಣೆ ಮಾಡಬೇಡಿ’ ಎಂಬ ವ್ಯವಸ್ಥೆ. ಓದುವ ವೇಳೆಗೂ ನಿದ್ರೆಯ ವೇಳೆಗೂ ಅದನ್ನು ಗೊತ್ತುಮಾಡಿಡಬಹುದು. ಮಗಳು, ಅಳಿಯ, ವೈದ್ಯರು, ನೆರೆಯವರು ಎಂದು ನಾವು ಆರಿಸಿದವರ ಕರೆಗೆ ಮಾತ್ರ ಆಗಲೂ ಬಾಗಿಲು ತೆರೆದಿರುವುದು. ಆಂಡ್ರಾಯ್ಡ್ ಫೋನಿನಲ್ಲಿ ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೆಯ ಸಲ ಕರೆದರೂ ಗಂಟೆ ಬಾರಿಸುವಂತೆ ಏರ್ಪಡಿಸಬಹುದು. ತುರ್ತಿನ ಭಯವನ್ನು ಮುಂದೊಡ್ಡುವವರು ಇದನ್ನು ಮನನ ಮಾಡಬೇಕು.

ಆ ವ್ಯವಸ್ಥೆಯ ಹೆಸರಿನ ವಿಷಯದಲ್ಲಿ ಮಾತ್ರ ನನಗೊಂದು ಆಕ್ಷೇಪವುಂಟು. ‘ಅಡಚಣೆ ಮಾಡಬೇಡಿ’ ಎಂಬುದು ಅತಿಥಿಗೆ ಮಾಡುವ ವಿನಂತಿಯ ಧಾಟಿ. ಹಣ ಕೊಟ್ಟು ತಂದ ಯಂತ್ರಕ್ಕೆ ಮನೆಯ ಯಜಮಾನನು ವಿನಂತಿ ಮಾಡಿಕೊಳ್ಳಬೇಕಾಗಿಲ್ಲ. ಆಜ್ಞೆ ಮಾಡಿದರೆ ಸಾಕು.

ನಮ್ಮ ಬೀದಿಯವರು ಈಗ ಎರಡು ಗುಂಪುಗಳನ್ನು ಮಾಡಿಕೊಂಡಿದ್ದೇವೆ. ಹೂಗಳಿಗೂ ಹಾರೈಕೆಗಳಿಗೂ ಒಂದು. ಅದು ನನ್ನ ಫೋನಿನಲ್ಲಿ ಸದಾ ಮೌನ. ಮತ್ತೊಂದರಲ್ಲಿ ಆನೆಯ ಸುದ್ದಿಯನ್ನಲ್ಲದೆ ಬೇರೇನನ್ನೂ ಬರೆಯಕೂಡದು. ಸುದ್ದಿ ಹಾಕಿದವರು ತೋಟ ಹೊಲಗಳ ಕಡೆಯ ಮನೆಗಳಿಗೆ ಕರೆಯನ್ನೂ ಮಾಡತಕ್ಕದ್ದು. ಕಳೆದ ತಿಂಗಳು ಆ ಕರೆ ಒಮ್ಮೆ ಬಂದಿತು. ಮನೆಯವರೆಲ್ಲ ಎದ್ದೆವು, ದೀಪ ಹಾಕಿದೆವು, ಬೆಳಕು ಹರಿಯುವವರೆಗೆ ಯಾರೂ ಹೊರಗೆ ಹೋಗಲಿಲ್ಲ.

ವಾಚಕ ಮಹಾಶಯರು ಈ ಸಂಚಿಕೆಯನ್ನು ಕೆಳಗಿಡುವುದಕ್ಕೆ ಮೊದಲು ತಮ್ಮ ತಮ್ಮ ಫೋನುಗಳನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಬೇಕೆಂದು ಪ್ರಾರ್ಥಿಸುವೆನು. ಉಪಾಯ ತಿಳಿಯದವರು ಮೊಮ್ಮಕ್ಕಳಲ್ಲಿ ಶಿಷ್ಯವೃತ್ತಿ ಮಾಡಲು ನಾಚಬೇಕಾಗಿಲ್ಲ.