ಸಂಕಟವೇ ಸದ್ಗತಿಯೆ?

ಸಂಕಟಪಟ್ಟಷ್ಟೂ ಆತ್ಮ ಶುದ್ಧವಾಗುವುದೆಂದು ಸಿದ್ದಾಪುರದ ಕಾಫಿ ತೋಟಗಳ ಕ್ರೈಸ್ತ ಕೂಲಿಗಾರರಿಗೆ ಉಪದೇಶಿಸುವ ಮಹನೀಯರುಂಟು. ಸೋರುವ ಲೈನ್‌ಮನೆಯಲ್ಲಿ ಆತ್ಮ ಬೆಳೆಯುವುದಾದರೆ ಧಣಿಗಳು ಬಂಗಲೆಯಲ್ಲೇಕಿದ್ದಾರೆ? ಅವರಿಗೆ ಸದ್ಗತಿ ಬೇಡವೆ?

ಯೇಸುವಿನ ನಡತೆಯನ್ನೇ ನೋಡಿರಿ. ರೋಗಿಗೆ ನರಳೆನ್ನಲಿಲ್ಲ, ಗುಣಪಡಿಸಿದನು. ಹಸಿದವರಿಗೆ ಉಪವಾಸದ ಮಹಿಮೆ ಸಾರಲಿಲ್ಲ, ರೊಟ್ಟಿ ಹಂಚಿದನು. ಗೆತ್ಸೆಮನೆಯಲ್ಲಿ ತನ್ನ ಸಂಕಟವೂ ತೊಲಗಲೆಂದು ಬೇಡಿದನು. ಶಿಲುಬೆ ಹೊತ್ತದ್ದು ಪರರಿಗಾಗಿ. ಪರರಿಗಾಗಿ ತಾನಾಗಿ ಹೊತ್ತದ್ದು ಶಿಲುಬೆ; ಪರರ ಲಾಭಕ್ಕೆಂದು ಹೇರಿಸಿಕೊಂಡದ್ದು ಸುಲಿಗೆ!

ಕಷ್ಟ ತಾಳ್ಮೆ ಕಲಿಸುವುದೆಂದು ಪೌಲನು ಬರೆದದ್ದು ನಿಜ. ಆದರೆ ಅವನು ಸೆರೆಮನೆ ಕಂಡವನು. ಬಂಗಲೆಯ ಜಗಲಿಯಿಂದ ಆ ಮಾತಾಡುವ ಅಧಿಕಾರ ಯಾರಿಗಿದೆ? ಹಿಡಿದಿಟ್ಟ ಕೂಲಿಯೇ ಧನಿಕರ ವಿರುದ್ಧ ಕೂಗುವುದೆಂದು ಯಾಕೋಬನ ಪತ್ರಿಕೆಯೂ ಎಚ್ಚರಿಸಿದೆ.

1850ರ ದಶಕದಲ್ಲಿ ಮೋಗ್ಲಿಂಗ್ ಪಾದ್ರಿಗಳು ಜೀತದಲ್ಲಿ ತೊಳಲಿ ಕ್ರೈಸ್ತರಾದವರಿಗೆ ಈ ಸೀಮೆಯಲ್ಲೇ ನೆಲೆ ಕಟ್ಟಿಕೊಟ್ಟರು. ಅದರ ಹೆಸರು ಆನಂದಪುರ, ಸಂಕಟಪುರವಲ್ಲ!

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ಇದೇ ಉಪದೇಶ ನಿಮ್ಮ ಬಾಗಿಲಿಗೆ ಕರ್ಮವೆಂಬ ಹೆಸರಿನಲ್ಲಿ ಬರುತ್ತದೆ. ನಂಬಬೇಡಿರಿ. ನೆರೆಯವನ ಕೂಲಿಗಾಗಿ ಎದ್ದು ನಿಲ್ಲಿರಿ. ಅದರಲ್ಲಿಯೂ ಕಷ್ಟವುಂಟು, ಆತ್ಮವನ್ನು ಬೆಳೆಸುವ ಕಷ್ಟ ಅದೇ.